ಅದು ನಾನ್ ಮಾಡಿದ್ದಲ್ಲ

ಕಳೆದ ವರ್ಷ ಕೆಲವು ತಿಂಗಳು, ಶನಿವಾರ ಮಧ್ಯಾಹ್ನಗಳಲ್ಲಿ ನಾನು ಬೆಂಗಳೂರಿನ ಒಂದು ಹಗಲು ಕೇಂದ್ರಕ್ಕೆ ಹೋಗುತ್ತಿದ್ದೆ. ಬೌದ್ಧಿಕ ಅಂಗವಿಕಲತೆ ಇರುವ, ಶಾಲೆಯ ವಯಸ್ಸು ದಾಟಿದ ಹತ್ತು ಹದಿನೈದು ಮಂದಿ ಅಲ್ಲಿಗೆ ಬರುತ್ತಿದ್ದರು. ಮದುವೆ ರಿಸೆಪ್ಷನ್‌ಗಳಲ್ಲಿ ಡಿಜೆ ಆಗಿರುವ ನನ್ನ ಗೆಳೆಯನೊಬ್ಬ ತನ್ನ ಹಳೆಯ ಕಂಟ್ರೋಲರನ್ನು ಆ ಕೇಂದ್ರಕ್ಕೆ ಕೊಟ್ಟಿದ್ದ. ಕಲಿಸುವವನೂ ಅವನೇ. ವೈರು ಜೋಡಿಸುವುದು, ಲ್ಯಾಪ್‌ಟಾಪ್ ನೋಡಿಕೊಳ್ಳುವುದು, ಸರದಿಗಾಗಿ ಜಗಳವಾದರೆ ಬಿಡಿಸುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮಲ್ಲಿ ಡಿಜೆ ಎಂದರೆ ಗಣಪತಿ ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರುಗಳು ಎಂದೇ ಅರ್ಥ. ಪೊಲೀಸರು ಪ್ರತಿ ವರ್ಷ ಬೇಡ ಎನ್ನುವುದು, ಹುಡುಗರು ಬೇಕು ಎನ್ನುವುದು ಅದನ್ನೇ. ನಾನು ಹೇಳುತ್ತಿರುವುದು ಡಿಜೆ ಎಂಬ ಮನುಷ್ಯನ ಕೆಲಸವನ್ನು. ಎರಡು ಚಕ್ರಗಳು, ಎರಡು ಹಾಡುಗಳು, ನಡುವೆ ಜಾರುವ ಒಂದು ಪಟ್ಟಿ. ಒಂದು ಹಾಡು ಓಡುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನಿನಲ್ಲಿ ಕೇಳಿ, ಅದರ ವೇಗವನ್ನು ಸ್ವಲ್ಪ ಏರಿಸಿಯೋ ಇಳಿಸಿಯೋ, ಬೀಟಿನ ಮೇಲೆ ಬೀಟು ಕೂರುವಂತೆ ಮಾಡಿ, ಕುಣಿಯುವವರ ಕಾಲಿಗೆ ಗೊತ್ತಾಗದಂತೆ ಇದರಿಂದ ಅದಕ್ಕೆ ದಾಟಿಸಬೇಕು. ಕೇಳಲು ಸುಲಭ. ನಾನು ಇವತ್ತಿಗೂ ಹತ್ತರಲ್ಲಿ ಏಳು ಸಲ ತಪ್ಪುತ್ತೇನೆ.

ಅಲ್ಲಿ ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗನಿದ್ದ. ಹುಡುಗ ಎಂದುಬಿಟ್ಟೆ ನೋಡಿ. ನನಗಿಂತ ನಾಲ್ಕೇ ವರ್ಷ ಚಿಕ್ಕವನು. ಡೌನ್ ಸಿಂಡ್ರೋಮ್ ಇರುವವರಿಗೆ ಮೂವತ್ತಾದರೂ ಎಲ್ಲರೂ ‘ಮಗು’ ಎನ್ನುತ್ತಾರೆ, ಆ ರೂಢಿ ನನ್ನ ನಾಲಗೆಗೂ ಅಂಟಿದೆ. ಅವನು ಮೂರು ತಿಂಗಳು ಪಟ್ಟು ಹಿಡಿದು ಒಂದೇ ಒಂದು ದಾಟುವಿಕೆಯನ್ನು ಅಭ್ಯಾಸ ಮಾಡುತ್ತಿದ್ದ. ಹೆಚ್ಚಿನ ಸಲ ಎರಡನೆಯ ಹಾಡು ಅರ್ಧ ಬೀಟು ಮೊದಲೇ ನುಗ್ಗಿಬಿಡುತ್ತಿತ್ತು. ಆಗ ಎರಡು ಕುದುರೆಗಳು ಒಂದೇ ಕಲ್ಲುಹಾಸಿನ ಮೇಲೆ ಬೇರೆ ಬೇರೆ ಓಡಿದ ಹಾಗೆ ಕೇಳಿಸುತ್ತಿತ್ತು. ಅವನು ಮುಖ ಹಿಂಡಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ವಾರ್ಷಿಕೋತ್ಸವದ ದಿನ ತಂದೆತಾಯಂದಿರು, ದಾನಿಗಳು, ಹೂವಿನ ಹಾರ ಎಲ್ಲ ಇದ್ದವು. ಅವನ ಸರದಿ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಂಟ್ರೋಲರಿನಲ್ಲಿ ‘ಸಿಂಕ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಎರಡು ಹಾಡುಗಳ ವೇಗವನ್ನೂ ಬೀಟನ್ನೂ ಯಂತ್ರವೇ ಹೊಂದಿಸುತ್ತದೆ. ಅವನು ಎರಡನೆಯ ಹಾಡು ಬಿಡುವ ಹೊತ್ತಿಗೆ ನಾನು ಕೈ ಚಾಚಿ ಅದನ್ನು ಒತ್ತಿದೆ. ಹಾಡು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟಿತು. ಚಪ್ಪಾಳೆಯೋ ಚಪ್ಪಾಳೆ. ಅವನ ಅಮ್ಮ ಕಣ್ಣೊರೆಸಿಕೊಂಡರು. ಅವನು ಮಾತ್ರ ಹೊಳೆಯುತ್ತಿದ್ದ ಆ ಗುಂಡಿಯನ್ನೇ ನೋಡುತ್ತಿದ್ದ. ಆಮೇಲೆ, ವೈರು ಸುತ್ತುತ್ತಿದ್ದ ನನ್ನ ಹತ್ತಿರ ಬಂದು, “ಅಕ್ಕಾ, ಅದು ನಾನ್ ಮಾಡಿದ್ದಲ್ಲ” ಎಂದ. ದೂರಿನ ದನಿಯಲ್ಲಲ್ಲ, ಮಾಹಿತಿ ಕೊಟ್ಟ ಹಾಗೆ.

ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಪಿಎಚ್.ಡಿ. ಮಾಡುತ್ತಿರುವುದು ತತ್ತ್ವಶಾಸ್ತ್ರದಲ್ಲಿ, ಅದರ ಒಂದು ಅಧ್ಯಾಯವಿಡೀ ಪಿ.ಎಫ್. ಸ್ಟ್ರಾಸನ್ನನ 1962ರ ‘ಫ್ರೀಡಂ ಅಂಡ್ ರಿಸೆಂಟ್‌ಮೆಂಟ್’ ಎಂಬ ಪ್ರಬಂಧದ ಮೇಲಿದೆ. ನಾವು ಇನ್ನೊಬ್ಬರ ಜತೆ ಎರಡು ಬಗೆಯಲ್ಲಿ ಇರಬಲ್ಲೆವು ಎನ್ನುತ್ತಾನೆ ಅವನು. ಒಂದು, ಭಾಗಿಯಾಗಿ ಇರುವುದು: ಅವರು ಮಾಡಿದ್ದಕ್ಕೆ ಸಿಟ್ಟಾಗುವುದು, ಕೃತಜ್ಞರಾಗುವುದು, ಜಗಳ ಕಾಯುವುದು, ಕ್ಷಮಿಸುವುದು. ಇನ್ನೊಂದು, ದೂರ ನಿಂತು ಅವರನ್ನು ನಿಭಾಯಿಸುವುದು. ಆಗ ಸಿಟ್ಟೂ ಇಲ್ಲ, ವಾದವೂ ಇಲ್ಲ. ಆರೈಕೆ ಇರಬಹುದು, ಕರುಣೆಯೂ ಇರಬಹುದು. ಮನಸ್ಸಿನ ಅಸ್ವಸ್ಥತೆ ಇರುವವರನ್ನು, ಮಕ್ಕಳನ್ನು ಆತ ಬಹುಮಟ್ಟಿಗೆ ಈ ಎರಡನೆಯ ಬಗೆಗೆ ಸೇರಿಸುತ್ತಾನೆ. ಅಂಗವಿಕಲತೆಯ ಬಗ್ಗೆ ಬರೆಯುವವರಿಗೆ ಇದು ನುಂಗಲಾರದ ತುತ್ತು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ. ಭಾಗಿಯಾಗುವುದರ ಆಯಾಸದಿಂದ ತಪ್ಪಿಸಿಕೊಳ್ಳಲು ನಾವು ಯಾರ ವಿಷಯದಲ್ಲೂ ಈ ದೂರದ ನಿಲುವನ್ನು ಆಶ್ರಯವಾಗಿ ಹಿಡಿಯಬಲ್ಲೆವು. ಇದನ್ನು ಹಸಿರು ಶಾಯಿಯಲ್ಲಿ ಗೆರೆ ಎಳೆದು ಓದಿದ್ದ ನಾನೇ ಗುಂಡಿ ಒತ್ತಿದವಳು. ಅವನಿಗೆ ಅವಮಾನವಾಗದಿರಲಿ ಎಂದು ಒತ್ತಿದೆ ಎಂದು ಆ ಸಂಜೆ ಹೇಳಿಕೊಂಡೆ. ನಿಜಕ್ಕೂ ತಡೆದುಕೊಳ್ಳಲಾಗದಿದ್ದದ್ದು ನನಗೆ. ಆ ತಂದೆತಾಯಂದಿರ ಮುಂದೆ ಕುದುರೆಗಳು ಅಡ್ಡಾದಿಡ್ಡಿ ಓಡುವ ಆ ನಾಲ್ಕು ಸೆಕೆಂಡು.

ಇಲ್ಲಿ ಯಂತ್ರವನ್ನು ಬೈದು ಪಾರಾಗುವಂತಿಲ್ಲ. ಸಿಂಕ್ ಒತ್ತುವುದು ಮೋಸವೇ ಅಲ್ಲವೇ ಎಂದು ಡಿಜೆಗಳೇ ವರ್ಷಗಟ್ಟಲೆ ಜಗಳವಾಡಿದ್ದಾರೆ. ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡು ಹಾಡುವವರನ್ನು ಯಾರೂ ಕಳ್ಳರು ಎನ್ನುವುದಿಲ್ಲ. ಬ್ರಿಟನ್ನಿನ ‘ಸೌಂಡ್‌ಬೀಮ್’ ಎಂಬ ಸಾಧನ ನಮ್ಮ ಕಿವಿಗೆ ಕೇಳದ ಧ್ವನಿ ತರಂಗಗಳನ್ನು ಗಾಳಿಗೆ ಬಿಡುತ್ತದೆ. ಅವುಗಳ ದಾರಿಯಲ್ಲಿ ಬೆರಳಾಡಿಸಿದರೂ, ತಲೆ ಅಲ್ಲಾಡಿಸಿದರೂ ಆ ಚಲನೆ ಸ್ವರವಾಗುತ್ತದೆ. ಕತ್ತು ಮಾತ್ರ ಆಡಿಸಬಲ್ಲ ಒಬ್ಬಳಿಗೆ ಅದೇ ವೀಣೆ. ಆದರೆ ಇಂಥ ಸಾಧನಗಳನ್ನು ಹೆಚ್ಚಾಗಿ ಐದು ಸ್ವರಗಳ ಚೌಕಟ್ಟಿಗೆ ಹೊಂದಿಸಿಡುತ್ತಾರೆ, ನಮ್ಮ ಮೋಹನ ರಾಗದ ಹಾಗೆ. ಎಲ್ಲಿ ಮುಟ್ಟಿದರೂ ಇಂಪು. ಮೊದಲ ದಿನ ಅದು ವರ. ನೂರನೆಯ ದಿನ? ಏನು ಮಾಡಿದರೂ ಚೆನ್ನಾಗಿಯೇ ಕೇಳಿಸುವಲ್ಲಿ, ಅವಳು ಏನನ್ನು ಮಾಡಲು ಹೊರಟಿದ್ದಳು ಎಂದು ಯಾರಿಗೆ ತಿಳಿಯಬೇಕು? ತಪ್ಪಲು ಜಾಗವಿಲ್ಲದ ಕಡೆ ಉದ್ದೇಶ ಕಾಣಿಸುವುದೇ ಇಲ್ಲ. ಅಂಗವಿಕಲರಿಗೆ ಅಪಾಯದ ಘನತೆಯೂ ಬೇಕು ಎಂದು ಅಮೆರಿಕದ ರಾಬರ್ಟ್ ಪರ್ಸ್ಕಿ 1972ರಲ್ಲಿ ಬರೆದಿದ್ದ. ಅದು ಬಸ್ಸು ಹತ್ತುವುದಕ್ಕೆ, ಕೆಲಸಕ್ಕೆ ಹೋಗುವುದಕ್ಕೆ ಸಲ್ಲುವ ಮಾತು ಎಂದುಕೊಂಡಿದ್ದೆ. ಅರ್ಧ ಬೀಟಿಗೂ ಸಲ್ಲುತ್ತದೆ ಎಂದು ಹೊಳೆದಿರಲಿಲ್ಲ.

ಲಂಡನ್ನಿನ ಕಿವುಡ ಡಿಜೆ ಟ್ರಾಯ್ ಲೀ 2003ರಲ್ಲಿ ‘ಡೆಫ್ ರೇವ್’ ಶುರು ಮಾಡಿದಾಗ ಅದು ಚಿಕಿತ್ಸೆಯ ಶಿಬಿರವಾಗಿರಲಿಲ್ಲ. ಕಿವುಡರು ಕಿವುಡರಿಗಾಗಿಯೇ ನಡೆಸುವ ಪಾರ್ಟಿಯಾಗಿತ್ತು. ತಗ್ಗಿನ ನಾದ ಅಲ್ಲಿ ಎದೆಗೂಡಿಗೆ, ನೆಲದ ಮೂಲಕ ಕಾಲಿಗೆ ಬರುತ್ತದೆ. ಬೀಟು ಸರಿಯಿಲ್ಲದಿದ್ದರೆ ಜನ ಕುಣಿಯುವುದಿಲ್ಲ, ಅಷ್ಟೆ. ಫಿನ್ಲೆಂಡಿನ ಪಂಕ್ ಬ್ಯಾಂಡ್ ‘ಪೆರ್ಟಿ ಕುರಿಕನ್ ನಿಮಿಪೈವಾತ್’ನ ಕತೆ ನನಗೆ ಇನ್ನೂ ಇಷ್ಟ. ಬೌದ್ಧಿಕ ಅಂಗವಿಕಲತೆ ಇರುವ ವಯಸ್ಕರಿಗಾಗಿ ನಡೆಯುತ್ತಿದ್ದ ಒಂದು ಕಾರ್ಯಾಗಾರದಲ್ಲಿ ಹುಟ್ಟಿದ ಬ್ಯಾಂಡ್ ಅದು. ಅದು ಹಾಡಾಗಿಸಿದ್ದು ಸಿಟ್ಟನ್ನು: ತೊಳಿ, ಬಳಿ, ಡಾಕ್ಟರ ಹತ್ತಿರ ಹೋಗು, ಅದು ತಿನ್ನಬೇಡ ಎಂದು ಬೇರೆಯವರೇ ದಿನವಿಡೀ ನಡೆಸುವ ಬದುಕಿನ ಮೇಲಿನ ಸಿಟ್ಟನ್ನು. ಆ ಹಾಡು ಸುಮಾರು ಒಂದೂವರೆ ನಿಮಿಷದ್ದು. ಅದನ್ನು ಹಿಡಿದು 2015ರಲ್ಲಿ ಅವರು ವಿಯೆನ್ನಾದ ಯೂರೋವಿಷನ್ ಸ್ಪರ್ಧೆಗೆ ಹೋದರು. ಕನಿಕರದ ವೋಟು ಬೇಡ ಎಂದರು. ಸೆಮಿಫೈನಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದರು. ಇದನ್ನು ಓದಿದಾಗ ನನಗೆ ಬೇಸರವಾಗಬೇಕಿತ್ತು; ಒಂದು ತರಹದ ನೆಮ್ಮದಿಯಾಯಿತು. ಅವರ ಸಂಗೀತ ಹಿಡಿಸದವರು, ಹಿಡಿಸಲಿಲ್ಲ ಎಂದೇ ವೋಟಿನಲ್ಲಿ ಹೇಳಿದ್ದರು.

ನಮ್ಮಲ್ಲಿ ಇಂಥದ್ದಿಲ್ಲವೇ? ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಗದೆ ಇರುವುದಿಲ್ಲ. ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣು ಕಾಣದವರು. ಅಲ್ಲಿ ಸಂಗೀತ ಕಲಿತ ಅಂಧ ಮಕ್ಕಳು ಗವಾಯಿಗಳಾದರು, ಕೀರ್ತನಕಾರರಾದರು, ಮೇಷ್ಟ್ರಾದರು. ಅಲ್ಲಿ ಸಂಗೀತ ಥೆರಪಿಯಲ್ಲ, ವಿದ್ಯೆ ಮತ್ತು ಅನ್ನ. ಶ್ರುತಿ ಬಿಟ್ಟರೆ ಬಿಟ್ಟಿತು ಎಂದು ಹೇಳಿಸಿಕೊಳ್ಳದೆ ಯಾರೂ ಗವಾಯಿಯಾಗುವುದಿಲ್ಲ. ಆದರೆ ಆ ದೊಡ್ಡ ಪರಂಪರೆಯ ನೆರಳಿನಲ್ಲಿ ನಮಗೊಂದು ಸೋಮಾರಿತನವೂ ಬೆಳೆದಿದೆ: ಕಣ್ಣಿಲ್ಲದವರಿಗೆ ಸಂಗೀತ ಎಂದು ಹಂಚಿ ಕೈತೊಳೆದುಕೊಂಡಿದ್ದೇವೆ. ಕಿವಿ ಕೇಳದವರಿಗೆ, ಮಾತು ತೊದಲುವವರಿಗೆ, ಲೆಕ್ಕ ಹತ್ತದವರಿಗೆ ಸಂಗೀತ ಎಂದರೆ ಕೆನ್ನೆ ಸವರಿ ‘ಗುಡ್’ ಎನ್ನುವುದು. ಸರ್ಕಾರದ ಇಲಾಖೆಯ ಹೆಸರಿನಲ್ಲೇ ಇರುವ ‘ವಿಕಲಚೇತನ’ ಎಂಬ ಪದವನ್ನು ಬಿಡಿಸಿ ನೋಡಿ. ಅಂಗ ಎಂಬ ಮಾತು ಸಭ್ಯವಲ್ಲ ಎಂದು ಬಿಟ್ಟು, ವೈಕಲ್ಯವನ್ನು ಚೇತನಕ್ಕೇ ಹಚ್ಚಿದ್ದೇವೆ.

ಭಾರತ 2007ರಲ್ಲೇ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ ಇವರ ಸೃಜನಶಕ್ತಿಯನ್ನು ಅವರ ಒಳಿತಿಗಷ್ಟೇ ಅಲ್ಲ, ಸಮಾಜದ ಸಿರಿಗಾಗಿಯೂ ಬೆಳೆಸಬೇಕು ಎನ್ನುತ್ತದೆ. ಅಂದರೆ ಅವರ ಕೈಯಿಂದ ನನಗೂ ಏನೋ ಬರಬೇಕಿದೆ ಎಂದಾಯಿತು. ಬರಬೇಕಾದ್ದು ಬರಲಿಲ್ಲ ಎಂದು ಹೇಳುವುದೂ ಆಗ ಆ ಲೆಕ್ಕದಲ್ಲಿ ಸೇರುತ್ತದೆ.

ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅದೇ ಕೇಂದ್ರದಲ್ಲಿ ಮಾತೇ ಆಡದ ಒಬ್ಬಳಿದ್ದಳು. ಸ್ಪೀಕರಿಗೆ ಅಂಗೈ ಒತ್ತಿ ಕೂರುತ್ತಿದ್ದಳು, ಅಷ್ಟೇ. ಅವಳಿಗೆ ಸರಿ ತಪ್ಪು ಎಂದು ತಿದ್ದಲು ಹೋಗುವುದು ಕ್ರೌರ್ಯ. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯಿರಿ ಎಂದು ನಾನು ಹೇಳಲಾರೆ. ಸಿಂಕ್ ಬೇಕು ಎಂದು ಅವನೇ ಒತ್ತಿದ್ದರೆ ಅದು ಅವನ ವಾದ್ಯವಾಗುತ್ತಿತ್ತು. ನಾನು ಕದ್ದು ಒತ್ತಿದ್ದರಿಂದ ನನ್ನ ಕನಿಕರವಾಯಿತು. ಅವಳ ವಿಷಯದಲ್ಲಿ ಕೇಳುವುದು ಹೇಗೆ ಎಂದೇ ನನಗೆ ಗೊತ್ತಿಲ್ಲ. ಅವಳು ಕೈ ತೆಗೆದಾಗ ನಾವು ಹಾಡು ಬದಲಿಸುತ್ತಿದ್ದೆವು. ಅದು ಉತ್ತರವಾಗಿತ್ತೋ, ನಮ್ಮ ಊಹೆಯೋ.

ಮುಂದಿನ ಶನಿವಾರ ಹೋದಾಗ ಸಿಂಕ್ ಗುಂಡಿಗಳ ಮೇಲೆ ಕರಿ ಇನ್ಸುಲೇಷನ್ ಟೇಪು ಅಂಟಿತ್ತು. ಯಾರು ಅಂಟಿಸಿದ್ದು ಎಂದು ಗೆಳೆಯನನ್ನು ಕೇಳಲಿಲ್ಲ. ಅವನು ಬಂದು ಹೆಡ್‌ಫೋನ್ ಹಾಕಿಕೊಂಡ, ಅದೇ ಎರಡು ಹಾಡು ಹಾಕಿದ, ದಾಟಿಸಿದ, ನನ್ನ ಮುಖ ನೋಡಿದ.

“ಎರಡನೇದು ಬೇಗ ಬಂತು” ಎಂದೆ.

“ಗೊತ್ತು” ಎಂದ. ಸ್ವಲ್ಪ ಸಿಟ್ಟಿನಿಂದಲೇ. ಚಕ್ರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ. ಆ ದಿನ ನನಗೆ ಐದೂವರೆಯ ಬಸ್ಸು ತಪ್ಪಿತು.