ಆಯುಷ್ಯ ಅವನದು, ಆರೈಕೆ ನಮ್ಮದು



ಮನೆಯ ಹಿರಿಯರಿಗೆ ಶ್ವಾಸಕೋಶದ ಕ್ಯಾನ್ಸರ್ ಇದೆಯೆಂದು ತಿಳಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, "ಇನ್ನೆಷ್ಟು ದಿನ?" ಎಂಬುದು. ಇದರ ನಿಖರ ಉತ್ತರ ಯಾವ ವೈದ್ಯರ ಬಳಿಯೂ ಇಲ್ಲ. ಪ್ರತಿಯೊಬ್ಬನ ಅವಧಿಯನ್ನು ನಿಶ್ಚಯಿಸಿದವನು ಅಲ್ಲಾಹನು. ಆದರೆ ಆ ದಿನಗಳು ಹೇಗಿರಬೇಕೆಂಬ ಹೊಣೆಯನ್ನು ಅವನು ನಮ್ಮ ಕೈಗೆ ಅಮಾನತ್ತಾಗಿ ಕೊಟ್ಟಿದ್ದಾನೆ. ನಾಳೆ ನಮ್ಮ ವಿಚಾರಣೆ ನಡೆಯುವುದು ಇದರ ಕುರಿತೇ.

ಚಿಕಿತ್ಸೆ ಪಡೆಯುವುದು ಪ್ರವಾದಿವರ್ಯರ(ಸ) ಬೋಧನೆ. ಅದು ತವಕ್ಕುಲ್‌ಗೆ ವಿರುದ್ಧವಲ್ಲ. ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಿಂದ ಅನೇಕ ಕುಟುಂಬಗಳು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತವೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಸಂಸ್ಥೆ ಅದು. ಗುಣಪಡಿಸುವ ಉದ್ದೇಶದ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ ಸುಮಾರು 6 ವಾರ ನಡೆಯುತ್ತದೆ. ಕೆಲವು ವಾರಗಳಲ್ಲೇ ನುಂಗಲು ನೋವು, ವಿಪರೀತ ಆಯಾಸ ಕಾಣಿಸಬಹುದು. ಆಗ ಬೇಸತ್ತು ಬಿಟ್ಟುಬಿಡಬೇಡಿ. ನಡುವೆ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ. ಚಿಕಿತ್ಸೆ ಮುಗಿದ ತಿಂಗಳುಗಳಲ್ಲಿ ಒಣಕೆಮ್ಮು, ಏದುಸಿರು, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಹೆಚ್ಚು ವಿಕಿರಣ ಕೊಟ್ಟರೆ ಹೆಚ್ಚು ಆಯುಷ್ಯವೇ? ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಬೇರೆಯೇ ಉತ್ತರ ಕೊಟ್ಟಿತು. ಗಡ್ಡೆ ಎದೆಯೊಳಗೇ ಹರಡಿದ್ದ ರೋಗಿಗಳಲ್ಲಿ 60 ಗ್ರೇ ಪ್ರಮಾಣ ಪಡೆದವರ ಮಧ್ಯಮ ಆಯುಷ್ಯ 28.7 ತಿಂಗಳಾದರೆ, 74 ಗ್ರೇ ಪಡೆದವರದು 20.3 ತಿಂಗಳು. ಹೆಚ್ಚು ಪ್ರಮಾಣ ಪಡೆದವರ ದಿನಗಳೂ ಹೆಚ್ಚು ಕಷ್ಟದ್ದಾದವು. ಮಿತಿಯಲ್ಲಿಯೇ ಒಳಿತಿದೆ.

ನೋವನ್ನು ಬಾಯಿಬಿಡದೆ ಅನುಭವಿಸುವುದೇ ಸಹನೆಯೆಂದು ಕೆಲವರು ಭಾವಿಸುತ್ತಾರೆ. ಪ್ರವಾದಿ ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಆದರೂ ಪವಿತ್ರ ಕುರ್‌ಆನ್ ಅವರನ್ನು ಸಹನಾಶೀಲರೆಂದು ಹೊಗಳಿದೆ. ವೈದ್ಯರು ನೋವಿಗೆ ಕೊಡುವ ಔಷಧಿಯನ್ನು ನಿರಾಕರಿಸಬೇಡಿ. ರೋಗ ದೇಹದಲ್ಲೆಲ್ಲ ಹರಡಿದ್ದ 151 ಮಂದಿಯ ಕುರಿತ ಇನ್ನೊಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ನೋವು, ಉಬ್ಬಸ, ಮನೋವ್ಯಥೆಗಳಿಗೂ ಆರೈಕೆ ಪಡೆದವರ ದಿನಗಳು ನೆಮ್ಮದಿಯಾಗಿದ್ದವು. ಅವರ ಮಧ್ಯಮ ಆಯುಷ್ಯವೂ 11.6 ತಿಂಗಳಾಗಿತ್ತು. ಉಳಿದವರದು 8.9.

ಹಾಗಾದರೆ ನಾವು ಮಾಡಬೇಕಾದುದೇನು? ರೋಗಿಗೆ ಮೆತ್ತಗಿನ ಗಂಜಿ ಕೊಡಿ. ಬೀಡಿ ಸಿಗರೇಟಿನ ಹೊಗೆ ಆ ಮನೆಯೊಳಗೆ ಸುಳಿಯದಿರಲಿ. ರೋಗ ಬಂದ ಮೇಲೆಯೂ ಧೂಮಪಾನ ಬಿಡುವುದರಿಂದ ಪ್ರಯೋಜನವಿದೆ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮೊಮ್ಮಕ್ಕಳನ್ನು ಅವರ ಮಡಿಲಿನಿಂದ ದೂರ ಮಾಡಬೇಡಿ. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡುವ ರಿಯಾಯಿತಿಯನ್ನು ನೆನಪಿಸಿ. ಸಾಲ, ವಸಿಯ್ಯತ್, ಕ್ಷಮೆ ಕೇಳಬೇಕಾದವರ ವಿಷಯ ಅವರ ಮನಸ್ಸಿನಲ್ಲಿರಬಹುದು. ನಿಜ ಸ್ಥಿತಿಯನ್ನು ಮುಚ್ಚಿಟ್ಟು ಆ ಅವಕಾಶವನ್ನು ಅವರಿಂದ ಕಸಿಯಬೇಡಿ.

ಮೊಹಲ್ಲಾದ ಜಮಾಅತ್‌ನವರೂ ಯೋಚಿಸಲಿ. ರೋಗಿಯ ಸಂದರ್ಶನ ದೊಡ್ಡ ಪುಣ್ಯದ ಕೆಲಸ. ಆದರೆ ಆರು ವಾರ ನಗರ ದಾಟಿ ಹೋಗಿಬರುವ ರೋಗಿಗೆ ಹಣ್ಣಿನ ಚೀಲಕ್ಕಿಂತ ಒಂದು ಆಟೋ, ಜೊತೆಗೊಬ್ಬ ಯುವಕ ಹೆಚ್ಚು ಅಗತ್ಯ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರಕಿಸಿಕೊಡಲು ಓಡಾಡುವುದೂ ಸೇವೆಯೇ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ. ಅವರ ಒಂದೊಂದು ದಿನವನ್ನೂ ಗೌರವಿಸುವ ಹೃದಯವನ್ನು ನಮಗೆ ಕರುಣಿಸಲಿ. ಆಮೀನ್.