ಹಾಲು ಮತ್ತು ಅನ್ನಪಾನನಿರೋಧ

ಕೆಚ್ಚಲಲ್ಲಿ ಹಾಲು ಉತ್ಪತ್ತಿಯಾಗುವುದು ಬೇರೆ, ಇಳಿಯುವುದು ಬೇರೆ. ಮೊದಲನೆಯದಕ್ಕೆ ಪ್ರೊಲ್ಯಾಕ್ಟಿನ್ ಮುಂತಾದ ಹಾರ್ಮೋನುಗಳು ಕಾರಣ, ಎರಡನೆಯದಕ್ಕೆ ಆಕ್ಸಿಟೋಸಿನ್. ಕರುವು ಮೊಲೆಗೆ ಬಾಯಿಟ್ಟ ಸ್ಪರ್ಶವು ಮಿದುಳನ್ನು ಮುಟ್ಟಿದೊಡನೆ ಪಿಟ್ಯುಟರಿ ಗ್ರಂಥಿಯು ಆಕ್ಸಿಟೋಸಿನ್ನನ್ನು ರಕ್ತಕ್ಕೆ ಬಿಡುತ್ತದೆ, ಹಾಲಿಳಿಯುತ್ತದೆ. ಅದನ್ನೇ ಸೂಜಿಯಿಂದ ಕೊಟ್ಟರೆ ಕರುವಿನ ಅಗತ್ಯವೇ ಇಲ್ಲ. ಬೇಡವಾದ ಕರು ಹಸಿದಿರುತ್ತದೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಚುಚ್ಚುಮದ್ದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 12ನೆಯ ಕಲಮು ದಂಡಾರ್ಹವೆನ್ನುತ್ತದೆ. ನಮಗಾದರೋ ಅದಕ್ಕಿಂತ ಹಿಂದಿನ ಶಾಸನವುಂಟು: ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಸೂಜಿ ಹಿಡಿದವನು ಹಾಲುಗಾರನಿರಬಹುದು. ಅಭಿಷೇಕಕ್ಕೆ ಅಗ್ಗದ ಹಾಲನ್ನೇ ಅರಸುವ ಬಸದಿಯ ಟ್ರಸ್ಟಿನದು ಅನುಮೋದನೆಯಾಗದೇ? (ದರ ಕೇಳುವವನು ಮೂಲ ಕೇಳುವುದಿಲ್ಲವೆಂಬುದನ್ನು ವ್ಯಾಪಾರಿಯಾದ ನಾನು ಬಲ್ಲೆ.) ಮುಂದಿನ ಅಭಿಷೇಕಕ್ಕೆ ಮುನ್ನ ಟ್ರಸ್ಟಿನ ಮಹನೀಯರು ಹಾಲು ಬರುವ ಕೊಟ್ಟಿಗೆಗೆ ಒಮ್ಮೆ ಹೋಗಿ, ಕರು ಎಲ್ಲಿದೆಯೆಂದು ವಿಚಾರಿಸಲಿ.