ನೋವಿಗೂ ಟಿಕೀಟು

ಬಸವನಗುಡಿ, ಮಲ್ಲೇಶ್ವರಂ ಕಡೆ ಈಗ ವ್ಯಕ್ತಿತ್ವ ವಿಕಸನ ಶಿಬಿರಗಳ ಸುಗ್ಗಿ. ಎರಡು ದಿನಕ್ಕೆ ಸಾವಿರಾರು ರೂಪಾಯಿ. ಮಾಮೂಲ್‌ಪೇಟೆಯಲ್ಲಿ ಮೂಟೆ ಹೊರುವವನ ಮನೆಯ ತಿಂಗಳ ಅಕ್ಕಿ, ಮಕ್ಕಳ ಪುಸ್ತಕ ಎಲ್ಲ ಅದರಲ್ಲಿ ಬರುತ್ತೆ. ಅಷ್ಟು ತೆತ್ತವರಿಗೆ ಸಿಗೋ ಉಪದೇಶವೇನು? ನಿನ್ನ ಸೋಲಿಗೆ ನೀನೇ ಕಾರಣ, ಯೋಚನೆ ಬದಲಿಸು, ಲೋಕ ಬದಲಾಗುತ್ತೆ ಅಂತ.

ಈ ಮಾತು ನಮಗೆ ಹೊಸದಲ್ಲ. ಕೇರಿಯಲ್ಲಿ ಹುಟ್ಟಿದ್ದು ನಿನ್ನ ಹಿಂದಿನ ಜನ್ಮದ ಕರ್ಮ ಅಂತ ನಮ್ಮ ತಾತಂದಿರಿಗೆ ಹೇಳಿದವರು ದಕ್ಷಿಣೆ ತಗೊಂಡರು. ಇವರು ರಸೀತಿ ಕೊಡ್ತಾರೆ, ಅಷ್ಟೇ. 2016ರ ಜನವರಿಯಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಪ್ರಾಣ ಕಳೆದುಕೊಂಡ ರೋಹಿತ್ ವೇಮುಲ ಹಾಸ್ಟೆಲಿನಿಂದ ಹೊರಗೆ ಹಾಕಿಸಿಕೊಂಡು ಬಯಲಲ್ಲಿ ಮಲಗಿದ್ದವರು. ಅವರಿಗೆ ಆತ್ಮವಿಶ್ವಾಸದ ಪಾಠ ಹೇಳಬೇಕಿತ್ತೋ, ಕೋಣೆಯ ಬೀಗದ ಕೈ ವಾಪಸು ಕೊಡಬೇಕಿತ್ತೋ?

ಹಾಗಂತ, ಮನಸ್ಸಿನ ಕಾಯಿಲೆ ಅನ್ನೋದೇ ಉಳ್ಳವರ ಷೋಕಿ ಎನ್ನುವವರ ಜೊತೆ ನಾವಿಲ್ಲ. ಕ್ರಾಂತಿ ಆದಮೇಲೆ ಎಲ್ಲ ಸರಿಹೋಗುತ್ತೆ ಅಂತಾರೆ ಅವರು. ವಾರಗಟ್ಟಲೆ ನಿದ್ದೆ ಬಾರದ ಹುಡುಗಿಗೆ, ಸಾಯೋ ಯೋಚನೆ ಬಿಡದ ಕಾರ್ಯಕರ್ತನಿಗೆ ಅಲ್ಲಿಯ ತನಕ ಕಾಯಿ ಎನ್ನುವುದು ಕ್ರೌರ್ಯ. ಪೆಟ್ಟು ಕೊಟ್ಟದ್ದು ಜಾತಿ ಸಮಾಜವೇ ಇರಬಹುದು, ಗಾಯ ಆಗಿರೋದು ಒಬ್ಬ ಮನುಷ್ಯನಿಗೆ; ಮದ್ದು ಬೇಕು. ಕಲಿತ ವೈದ್ಯರು, ಆಪ್ತಸಲಹೆಗಾರರು ತಾಳ್ಮೆಯಿಂದ ಕೂತು ಕೇಳುವುದು ಮದ್ದು. ನೂರಾರು ಜನರನ್ನು ಒಟ್ಟಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಸುವುದಲ್ಲ. ಇನ್ನು, ಇಲ್ಲಿ ಜಾತಿ ಮಾತು ಯಾಕೆ ಬಂತು ಎಂದು ಮುಖ ಗಂಟುಹಾಕುವ ಸಲಹೆಗಾರ ಎಷ್ಟೇ ಫೀಜು ತಗೊಳ್ಳಲಿ, ನಮ್ಮ ಹುಡುಗರಿಗೆ ಆತನಿಂದ ಉಪಯೋಗವಿಲ್ಲ.

ಸರಿ, ಮದ್ದಿಗಾಗಿ ಸಾಲ ಮಾಡಬೇಕೆ? ಇದೇ ಊರಿನ ಹೊಸೂರು ರಸ್ತೆಯಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು. 2017ರ ಕಾಯಿದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕು ಎಂದಿದೆ. 2022ರಲ್ಲಿ ಟೆಲಿ ಮಾನಸ್ ಬಂತು; 14416ಕ್ಕೆ ಕಾಸಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕ್ಯೂ ಉದ್ದ ಇದೆ, ಎಷ್ಟೋ ತಾಲ್ಲೂಕುಗಳಲ್ಲಿ ಮನೋವೈದ್ಯರೇ ಇಲ್ಲ, ನಿಜ. ಆ ಕೊರತೆಯೇ ಶಿಬಿರದವರ ಬಂಡವಾಳ. ಕೈಯಲ್ಲಿದ್ದವರು ಒಳ್ಳೆಯ ಚಿಕಿತ್ಸಕರಿಗೆ ಕೊಡಲಿ, ತಪ್ಪಿಲ್ಲ. ಇಲ್ಲದವರು ಒಡವೆ ಅಡವಿಡುವಂತಾಗಬಾರದು.

ಮೇಷ್ಟ್ರುಗಳೇ, ಆ ನಂಬರನ್ನು ಶಾಲೆಯ ಗೋಡೆ ಮೇಲೆ ಬರೆಸಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಹತ್ತು ಜನ ಸೇರಿ ಆಸ್ಪತ್ರೆಗೇ ಹೋಗಿ ಕೇಳೋಣ.